ಒಂದು ಕ್ಲಿಕ್ ಸಾಲದು



ರಮಝಾನ್ ತಿಂಗಳಲ್ಲಿ ಅಸರ್ ನಮಾಝಿನ ಬಳಿಕ ನಮ್ಮ ಅಡುಗೆಮನೆಗಳು ಹೇಗಿರುತ್ತವೆಂದು ಒಮ್ಮೆ ನೆನಪಿಸಿಕೊಳ್ಳಿ. ಒಂದು ಒಲೆಯಲ್ಲಿ ಗಂಜಿ ಕುದಿಯುತ್ತಿರುತ್ತದೆ, ಇನ್ನೊಂದರಲ್ಲಿ ಸಮೋಸಾಕ್ಕೆ ಖೀಮಾ. ಉಪ್ಪು ಎಷ್ಟಾಯಿತು? ಅಗತ್ಯವಿದ್ದರೆ ನಾಲಿಗೆಯ ತುದಿಗೆ ಹಚ್ಚಿ ಉಗಿದುಬಿಡಬಹುದು, ನುಂಗಬಾರದಷ್ಟೆ ಎಂದು ಫಿಕ್ಹ್ ವಿದ್ವಾಂಸರು ರಿಯಾಯಿತಿ ಕೊಟ್ಟಿದ್ದಾರೆ. ಆದರೂ ನಮ್ಮಲ್ಲಿ ಹೆಚ್ಚಿನವರಿಗೆ ಮನಸ್ಸು ಒಪ್ಪುವುದಿಲ್ಲ. ಕೈ ಅಂದಾಜಿನಲ್ಲೇ ಹಾಕುತ್ತೇವೆ. ಸರಿಯಾಯಿತೋ ಇಲ್ಲವೋ ಎಂಬುದು ಮಗ್ರಿಬ್ ಅಝಾನ್ ಆದ ಮೇಲೆಯೇ ತಿಳಿಯುವುದು.

ಕ್ಯಾಮೆರಾ ಬೆಳಕನ್ನು ಅಳೆಯುವುದೂ ಹೆಚ್ಚುಕಡಿಮೆ ಹೀಗೆಯೇ, ರುಚಿ ನೋಡದೆ, ಅಂದಾಜಿನಲ್ಲಿ. ಆ ಅಂದಾಜು ತಪ್ಪಿದರೆ ಏನಾಗುತ್ತದೆಂದು ನಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತು.

ನಮ್ಮಲ್ಲಿ 1998ರ ಈದುಲ್ ಫಿತ್ರ್‌ನ ಒಂದು ಫೋಟೊ ಇದೆ. ಆಗ ನಾವು ತಿಲಕನಗರದ ಚಿಕ್ಕ ಬಾಡಿಗೆ ಮನೆಯಲ್ಲಿದ್ದೆವು. ಇದ್ದದ್ದು ಒಂದೇ ಕಿಟಕಿ, ಅದಕ್ಕೂ ಪಕ್ಕದ ಮನೆಯ ಗೋಡೆ ಅಡ್ಡ. ಬೆಳಕು ಬರುವುದಾದರೆ ಬಾಗಿಲಿನಿಂದಲೇ ಬರಬೇಕು. ಅಬ್ಬಾ ಈದ್ ನಮಾಝ್ ಮುಗಿಸಿ ಬಂದು, ಬಿಳಿ ಜುಬ್ಬಾದಲ್ಲೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು, ಬೀದಿಗೆ ಬೆನ್ನು ಮಾಡಿ. ನೆರೆಮನೆಯ ಹುಡುಗ ಸೌದಿಯಿಂದ ಬಂದ ಆಟೊಮ್ಯಾಟಿಕ್ ಕ್ಯಾಮೆರಾ ಹಿಡಿದು ಒಳಗೆ ಬಂದಿದ್ದ. "ಚಾಚಾ, ಒಂದು ಫೋಟೊ" ಎಂದ. ಅಬ್ಬಾ ಫೋಟೊ ಎಂದರೆ ಮುಖ ತಿರುಗಿಸುತ್ತಿದ್ದವರು. ಅಂದು ಹಬ್ಬದ ಖುಷಿಗೋ ಏನೋ ಸುಮ್ಮನೆ ಕುಳಿತರು. ಹುಡುಗ ಒಂದು ಸಲ ಒತ್ತಿದ. ರೀಲಿನಲ್ಲಿ ಇರುವುದೇ 36, ಅದರಲ್ಲಿ ಇಡೀ ಬೀದಿಯ ಹಬ್ಬ ಮುಗಿಯಬೇಕು. ಎರಡನೆಯದನ್ನು ಕೇಳುವ ಧೈರ್ಯ ಯಾರಿಗಿತ್ತು!

ಫೋಟೊ ತೊಳೆಸಿ ತಂದಾಗ ಬೀದಿ ಬಹಳ ಚೆನ್ನಾಗಿ ಬಂದಿತ್ತು. ಎದುರು ಮನೆಯ ಸುಣ್ಣದ ಗೋಡೆ, ಒರಗಿಸಿದ ಸೈಕಲ್, ಒಣಹಾಕಿದ ಬಟ್ಟೆ. ಅಬ್ಬಾ ಇದ್ದ ಜಾಗದಲ್ಲಿ ಕುರ್ಚಿಯ ಮೇಲೆ ಕುಳಿತ ಒಂದು ಕಪ್ಪು ಆಕೃತಿ. ಟೋಪಿಯ ಅಂಚು ಕಾಣುತ್ತದೆ, ಗಡ್ಡದ ಆಕಾರ ಕಾಣುತ್ತದೆ, ಮುಖವಿಲ್ಲ. 2003ರಲ್ಲಿ ಅಬ್ಬಾ ತೀರಿಕೊಂಡ ಮೇಲೆ ಅಣ್ಣ ನೆಗೆಟಿವ್ ಹಿಡಿದುಕೊಂಡು ಸ್ಟುಡಿಯೊ ಸ್ಟುಡಿಯೊ ಅಲೆದ. ಕೊನೆಗೆ ಒಬ್ಬ ಹಿರಿಯ ಫೋಟೊಗ್ರಾಫರ್ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದರಂತೆ. ಅಬ್ಬಾರ ಮುಖವಿರಬೇಕಾದ ಕಡೆ ಬರೀ ಕಿತ್ತಳೆ ಬಣ್ಣದ ಖಾಲಿ ಫಿಲ್ಮು. "ಬೆಳಕು ಬಿದ್ದಿದ್ದರೆ ತಾನೆ ನಾನು ತೆಗೆಯೋದು, ಇಲ್ಲಿ ಏನೂ ಬಿದ್ದೇ ಇಲ್ಲ" ಎಂದರಂತೆ.

ಆ ಮಾತು ನನಗೆ ಅರ್ಥವಾದದ್ದು ಈ ವರ್ಷ, ಅಕ್ಕನ ಮಗಳಿಂದ. ಅವಳು ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ, ಕುತ್ತಿಗೆಯಲ್ಲಿ ಡಿಜಿಟಲ್ ಕ್ಯಾಮೆರಾ ನೇತುಹಾಕಿಕೊಂಡೇ ಓಡಾಡುತ್ತಾಳೆ. ಮದ್ರಸದಲ್ಲಿ ಕಲಿತು ಬಳಿಕ ಬಿ.ಎ. ಮಾಡಿದ ನನಗೆ ಯಂತ್ರಗಳ ಭಾಷೆ ದೂರ. ಆದರೆ ಅವಳು ಹೇಳಿದ್ದು ನಮ್ಮಂಥವರಿಗೂ ತಲೆಗೆ ಹೋಗುವಂತಿತ್ತು.

ಕ್ಯಾಮೆರಾಕ್ಕೆ ಅಬ್ಬಾ ಯಾರು, ಬೀದಿ ಯಾವುದು ಎಂಬುದು ಗೊತ್ತಿಲ್ಲ. ಎದುರಿನ ದೃಶ್ಯದಿಂದ ಒಟ್ಟು ಎಷ್ಟು ಬೆಳಕು ಬರುತ್ತಿದೆ ಎಂದಷ್ಟೇ ಅಳೆಯುತ್ತದೆ. ಲೋಕದಲ್ಲಿ ಎಲ್ಲವೂ ಸರಾಸರಿಯಾಗಿ ಒಂದು ನಡುಬೂದು ಬಣ್ಣದ್ದು, ಅಂದರೆ ಬಿದ್ದ ಬೆಳಕಿನ ಸುಮಾರು ಶೇ. 18ರಷ್ಟನ್ನು ಹಿಂದಿರುಗಿಸುವಂಥದ್ದು ಎಂದು ಅದು ಮೊದಲೇ ತೀರ್ಮಾನಿಸಿಕೊಂಡಿರುತ್ತದೆ. ಆ ಬೂದುಬಣ್ಣ ಬರುವಷ್ಟೇ ಹೊತ್ತು ಬಾಗಿಲು ತೆರೆದು ಮುಚ್ಚುತ್ತದೆ. ಮಧ್ಯಾಹ್ನದ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಮನೆಯೊಳಗಿನ ಬೆಳಕು ನೂರೋ ಇನ್ನೂರೋ. ನೂರಾರು ಪಟ್ಟು ವ್ಯತ್ಯಾಸ! ಅಂದು ಚೌಕಟ್ಟಿನ ತುಂಬ ಬಿಸಿಲಿನ ಬೀದಿ ಇತ್ತು. 'ಬೆಳಕು ಧಾರಾಳವಾಗಿದೆ' ಎಂದುಕೊಂಡ ಯಂತ್ರ ಕ್ಷಣಮಾತ್ರ ಕಣ್ಣು ತೆರೆದು ಮುಚ್ಚಿತು. ಅದೇ ಕಾರಣಕ್ಕೆ ಫ್ಲ್ಯಾಶ್ ಕೂಡ ಹೊತ್ತಲಿಲ್ಲ. ಬೀದಿಗೆ ಅಷ್ಟು ಸಾಕಾಗಿತ್ತು, ಅಬ್ಬಾರಿಗೆ ಸಾಲಲಿಲ್ಲ.

ಹಾಗಾದರೆ ಅಲ್ಲೇ ನಿಂತಿದ್ದ ನಮಗೆ ಅಬ್ಬಾರ ಮುಖ ಹೇಗೆ ಕಾಣುತ್ತಿತ್ತು? ನಮ್ಮ ಕಣ್ಣು ಒಂದೇ ಏಟಿಗೆ ನೋಡುವುದಿಲ್ಲ. ಬೀದಿಯ ಕಡೆ ಹೊರಳಿದಾಗ ಪಾಪೆ ಕಿರಿದಾಗುತ್ತದೆ, ಮುಖದ ಕಡೆ ಬಂದಾಗ ಹಿಗ್ಗುತ್ತದೆ. ಸುಮಾರು ಎರಡು ಮಿಲಿಮೀಟರಿನಿಂದ ಎಂಟು ಮಿಲಿಮೀಟರಿನವರೆಗೆ ಅದು ಹಿಗ್ಗಬಲ್ಲದು. ಕಣ್ಣಿನ ಹಿಂಪೊರೆಯೂ ಬೆಳಕಿಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಹೀಗೆ ತುಂಡುತುಂಡಾಗಿ ನೋಡಿದ್ದನ್ನು ಮೆದುಳು ಒಂದು ಮಾಡಿ ಕೊಡುತ್ತದೆ. ಸುಬ್‌ಹಾನಲ್ಲಾಹ್, ಎಣಿಸಿ ನೋಡಿದರೆ ನಾವು ಒಂದು ಮುಖವನ್ನು ನೋಡುವಷ್ಟರಲ್ಲಿ ಎಷ್ಟೋ ಫೋಟೊ ತೆಗೆದಿರುತ್ತೇವೆ.

ಬ್ರಾಕೆಟಿಂಗ್ ಎಂದರೆ ಕ್ಯಾಮೆರಾದಿಂದ ಇದನ್ನೇ ಸ್ವಲ್ಪ ಮಟ್ಟಿಗೆ ಮಾಡಿಸುವುದು. ಬ್ರಾಕೆಟ್ ನಿಮಗೆ ಗೊತ್ತಿರುವುದೇ, ಶಾಲೆಯಲ್ಲಿ ನಾವು ಆವರಣ ಚಿಹ್ನೆ ಎಂದು ಹೇಳಿಕೊಡುವ ಆ ಎರಡು ಬಾಗಿದ ಗೆರೆಗಳು. ಎಡಕ್ಕೊಂದು, ಬಲಕ್ಕೊಂದು, ಸರಿಯಾದದ್ದು ನಡುವೆ ಎಲ್ಲೋ ಸಿಕ್ಕಿಬೀಳಲಿ ಎಂಬ ಲೆಕ್ಕ. ಕ್ಯಾಮೆರಾ ಮೊದಲು ತನ್ನ ಅಂದಾಜಿನಂತೆ ಒಂದು ಫೋಟೊ ತೆಗೆಯುತ್ತದೆ. ಬೆನ್ನಿಗೇ ಬೆಳಕು ಕಡಿಮೆ ಮಾಡಿ ಒಂದು, ಹೆಚ್ಚು ಮಾಡಿ ಇನ್ನೊಂದು. ಇಫ್ತಾರಿಗೆ ಉಪ್ಪು ಕಡಿಮೆಯದ್ದು, ಸರಿಯಿರಬಹುದಾದದ್ದು, ಹೆಚ್ಚಿನದ್ದು ಎಂದು ಮೂರು ಪಾತ್ರೆ ಗಂಜಿ ಇಟ್ಟಂತೆ. ಅಡುಗೆಮನೆಯಲ್ಲಿ ಅದು ದುಂದುವೆಚ್ಚ, ಡಿಜಿಟಲ್ ಕ್ಯಾಮೆರಾದಲ್ಲಿ ಕಾಸೂ ಖರ್ಚಿಲ್ಲ. ರೀಲಿನ ಕಾಲದಲ್ಲೂ ದೊಡ್ಡ ಫೋಟೊಗ್ರಾಫರುಗಳು ಹೀಗೆ ಮಾಡುತ್ತಿದ್ದರು, ಮುಖ್ಯವಾಗಿ ಸ್ಲೈಡ್ ಫಿಲ್ಮಿನಲ್ಲಿ, ಏಕೆಂದರೆ ಅದರಲ್ಲಿ ಬೆಳಕು ಸ್ವಲ್ಪ ಆಚೀಚೆಯಾದರೂ ಚಿತ್ರ ಕೆಟ್ಟುಹೋಗುತ್ತಿತ್ತು. ಮೂರು ಚಿತ್ರಕ್ಕೆ ಮೂರು ಪಟ್ಟು ಹಣ ಎಂಬ ಕಾರಣಕ್ಕೆ ಅದು ನಮ್ಮ ಬೀದಿಗೆ ಬರಲಿಲ್ಲ, ಅಷ್ಟೆ.

ಲೆಕ್ಕ ಹೀಗಿದೆ. ಬೆಳಕನ್ನು ಇಮ್ಮಡಿ ಮಾಡಿದರೆ ಅಥವಾ ಅರ್ಧ ಮಾಡಿದರೆ ಅದನ್ನು ಒಂದು 'ಸ್ಟಾಪ್' ಎನ್ನುತ್ತಾರೆ. ಎರಡು ಸ್ಟಾಪ್ ಎಂದರೆ ನಾಲ್ಕು ಪಟ್ಟು ಅಥವಾ ಕಾಲು ಭಾಗ. ಕ್ಯಾಮೆರಾದ ಅಂದಾಜು ಸೆಕೆಂಡಿನ 125ನೇ ಒಂದು ಭಾಗ ಎಂದಿದ್ದರೆ, ಎರಡು ಸ್ಟಾಪ್ ಕಡಿಮೆಯ ಚಿತ್ರ 500ನೇ ಒಂದು ಭಾಗದಲ್ಲಿ, ಹೆಚ್ಚಿನದ್ದು 30ನೇ ಒಂದು ಭಾಗದಲ್ಲಿ ಆಗುತ್ತದೆ. ಲೆನ್ಸಿನ ಕಿಂಡಿಯ ಅಗಲವನ್ನು, ಅಂದರೆ ಅಪರ್ಚರನ್ನು ಮಾತ್ರ ಬದಲಾಯಿಸದೆ ಹಾಗೇ ಇಡಬೇಕು. ಅದು ಬದಲಾದರೆ ಹಿನ್ನೆಲೆಯ ಮಸುಕೂ ಬದಲಾಗಿ ಮೂರು ಚಿತ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ಕ್ಯಾಮೆರಾದ ಚಕ್ರವನ್ನು ನಿಕಾನ್ ಆದರೆ 'ಎ', ಕ್ಯಾನನ್ ಆದರೆ 'ಎವಿ' ಗುರುತಿಗೆ ತಿರುಗಿಸಿಕೊಳ್ಳುತ್ತಾರೆ. ಕ್ಯಾನನ್‌ನಲ್ಲಿ ಮೆನುವಿನೊಳಗೆ ಎಇಬಿ ಎಂದಿರುತ್ತದೆ, ನಿಕಾನ್‌ನ ಕೆಲವು ಮಾದರಿಗಳಲ್ಲಿ ಬಿಕೆಟಿ ಎಂಬ ಗುಂಡಿಯೇ ಇದೆ. ಅಗ್ಗದ ಕೆಲವು ಮಾದರಿಗಳಲ್ಲಿ ಈ ಸೌಲಭ್ಯವಿಲ್ಲ. ಅಂಥದ್ದರಲ್ಲಿ ಪ್ಲಸ್-ಮೈನಸ್ ಗುರುತಿನ ಗುಂಡಿಯಿಂದ ಕೈಯಾರೆ ಮೂರು ಸಲ ಬದಲಾಯಿಸಿ ತೆಗೆದರಾಯಿತು.

ತೆಗೆದ ಮೇಲೆ ಎರಡು ದಾರಿ. ಮೂರರಲ್ಲಿ ಚೆನ್ನಾಗಿರುವುದನ್ನು ಆರಿಸಿಕೊಳ್ಳಬಹುದು. ಅಥವಾ ಕಂಪ್ಯೂಟರಿನಲ್ಲಿ ಮೂರನ್ನೂ ಬೆಸೆದು, ಬೀದಿಯನ್ನು ಕಪ್ಪಾದ ಚಿತ್ರದಿಂದಲೂ ಮುಖವನ್ನು ಬೆಳಕಿನ ಚಿತ್ರದಿಂದಲೂ ತೆಗೆದುಕೊಳ್ಳಬಹುದು. ಇದಕ್ಕೆ ಎಚ್‌ಡಿಆರ್ ಎನ್ನುತ್ತಾರೆ. ಹೊಸದೇನಲ್ಲ, ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1850ರ ದಶಕದಲ್ಲೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಕಾಗದದ ಮೇಲೆ ಮೂಡಿಸಿದ್ದರು. ಆದರೆ ಬೆಸೆಯುವಾಗ ಎದುರಿದ್ದವರು ಅಲುಗಾಡಬಾರದು. ಮಗು ತಲೆ ಹೊರಳಿಸಿದರೆ ಎರಡು ತಲೆ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಆರಿಸಿಕೊಳ್ಳುವುದೇ ಸುಲಭ.

ನಮ್ಮ ಮನೆಗಳಿಗೆ ಇದು ಬೇರೆಯವರಿಗಿಂತ ಹೆಚ್ಚು ಬೇಕಾದದ್ದು ಎನ್ನುವುದಕ್ಕೆ ಕಾರಣ ನಮ್ಮ ಉಡುಪು. ನಗಬೇಡಿ. ಹಬ್ಬದ ಮರುದಿನ ಸಿದ್ದಾಪುರ ಗೇಟಿನಿಂದ ಲಾಲ್‌ಬಾಗಿಗೆ ಹೋಗಿ ನೋಡಿ. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಆ ತೋಟದಲ್ಲಿ, 1889ರ ಗಾಜಿನ ಮನೆಯ ಮುಂದೆ, ನಮ್ಮ ಹೆಣ್ಣುಮಕ್ಕಳು ಕಪ್ಪು ಬುರ್ಖಾದಲ್ಲಿ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ. ಕ್ಯಾಮೆರಾಕ್ಕೆ ಆ ಕಪ್ಪು ಹಿಡಿಸದು. ಅದನ್ನು ನಡುಬೂದು ಮಾಡಲು ಹೊರಟು ಬೆಳಕು ಹೆಚ್ಚು ಎಳೆದುಕೊಳ್ಳುತ್ತದೆ. ಬುರ್ಖಾ ಬೂದಿ ಬಣ್ಣಕ್ಕೆ ತಿರುಗುತ್ತದೆ, ಮುಖಗಳು ಪೌಡರ್ ಡಬ್ಬಿಯಲ್ಲಿ ಅದ್ದಿದಂತಾಗುತ್ತವೆ. ಇನ್ನು ಈದ್ಗಾಹಿನಲ್ಲಿ ಬಿಳಿ ಜುಬ್ಬಾ ತೊಟ್ಟ ಗಂಡಸರ ಸಾಲಿನ ಫೋಟೊ ತೆಗೆದರೆ ಇದರ ತಿರುಗುಮುರುಗು. ಬಿಳಿಯೂ ಬೂದು, ಮುಖಗಳೂ ಮಂಕು. ಆದ್ದರಿಂದ ಕಪ್ಪು ಹೆಚ್ಚಿದ್ದರೆ ಬೆಳಕು ಕಡಿಮೆ ಮಾಡಬೇಕು, ಬಿಳಿ ಹೆಚ್ಚಿದ್ದರೆ ಹೆಚ್ಚು ಮಾಡಬೇಕು. ಕೇಳಲು ಉಲ್ಟಾ ಅನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿತ್ತು. ಮೂರು ತೆಗೆದರೆ ಈ ತಲೆನೋವಿಲ್ಲ.

ಕಪ್ಪಾಗಿ ಬಂದ ಫೋಟೊಕ್ಕೆ ನಾವು ಬೇಸರಪಡುತ್ತೇವೆ, ಬೆಳ್ಳಗೆ ಬಂದದ್ದಕ್ಕೆ ಯಾರೂ ಪಡುವುದಿಲ್ಲ. ಅಲ್ಲೇ ನನ್ನ ತಕರಾರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಕೆಲವು ವರ್ಷಗಳ ಹಿಂದೆ ರಿಶ್ತಾ ನೋಡುತ್ತಿದ್ದರು. ಕಂದು ಮೈಬಣ್ಣದ, ಲಕ್ಷಣವಾದ ಹುಡುಗಿ. ಫೋಟೊಕ್ಕೆಂದು ಕರೆದೊಯ್ದ ಸ್ಟುಡಿಯೊದವನು ತಾನಾಗಿಯೇ ಬೆಳಕು ಏರಿಸಿ, ಮತ್ತೆ ಕಂಪ್ಯೂಟರಿನಲ್ಲೂ ಏರಿಸಿ ಕೊಟ್ಟ. ಮನೆಯವರಿಗೆ ಬಹಳ ಸಂತೋಷವಾಯಿತು, ಅದನ್ನೇ ಕಳಿಸಿದರು. ಹುಡುಗನ ಕಡೆಯವರು ಒಪ್ಪಿ ನೋಡಲು ಬಂದರು. ಹುಡುಗನ ತಾಯಿ ಚಹಾದ ಲೋಟ ಕೆಳಗಿಟ್ಟು, "ಫೋಟೊದಲ್ಲಿ ಬೇರೆಯೇ ಇದ್ದಳಲ್ಲ" ಎಂದರು. ಮಾತು ಅಲ್ಲಿಗೆ ಮುರಿಯಿತು. ಮರುದಿನ ಅವಳು ನನ್ನ ಬಳಿ ಬಂದು, "ನಾನು ಮೋಸ ಮಾಡಿದೆನಾ ಆಪಾ?" ಎಂದು ಕೇಳಿದಳು. ಆ ಪ್ರಶ್ನೆ ಕೇಳಬೇಕಾದವರು ಅವಳಲ್ಲ. ಅವಳನ್ನು ಬಿಟ್ಟು ಸುತ್ತ ಇದ್ದವರೆಲ್ಲ ಕೇಳಿಕೊಳ್ಳಬೇಕಿತ್ತು, ನಾನೂ ಸೇರಿ. ಆ ಫೋಟೊ ನೋಡಿ 'ಚೆನ್ನಾಗಿದೆ' ಎಂದವರಲ್ಲಿ ನಾನೂ ಒಬ್ಬಳು.

ಅಕ್ಕನ ಮಗಳಿಗೆ ಈ ಕಥೆ ಹೇಳಿದಾಗ ಅವಳು ಕ್ಯಾಮೆರಾದ ಕಡೆಯಿಂದ ಉತ್ತರ ಕೊಟ್ಟಳು. ಸಾಮಾನ್ಯ ಡಿಜಿಟಲ್ ಚಿತ್ರದಲ್ಲಿ ಪ್ರತಿಯೊಂದು ಚುಕ್ಕೆಯ ಬೆಳಕನ್ನು 0ಯಿಂದ 255ರವರೆಗಿನ ಅಂಕಿಗಳಲ್ಲಿ ಬರೆದಿಡುತ್ತಾರಂತೆ. ಸೊನ್ನೆ ಎಂದರೆ ಕಡುಗಪ್ಪು, 255 ಎಂದರೆ ಅಚ್ಚಬಿಳಿ. ಕಪ್ಪಿನ ಕಡೆ ಸ್ವಲ್ಪವಾದರೂ ಅಂಕಿ ಉಳಿದಿದ್ದರೆ ಮೇಲೆತ್ತಬಹುದು, ಕಾಳುಕಾಳಾದರೂ ಮುಖ ಬರುತ್ತದೆ. ಆದರೆ ಕೆನ್ನೆಯೆಲ್ಲ 255 ಆಗಿಬಿಟ್ಟರೆ ಅಲ್ಲಿ ಏನೂ ಉಳಿದಿರುವುದಿಲ್ಲ. ಕೆನ್ನೆಯ ಉಬ್ಬು, ಮಚ್ಚೆ, ನಗುವಿನ ಗೆರೆ ಎಲ್ಲ ಒಂದೇ ಬಿಳಿ. "ಅದು ಫೇರ್ ಅಲ್ಲ ಖಾಲಾ, ಅಲ್ಲಿ ಮುಖವೇ ಇಲ್ಲ" ಎಂದಳು. ಅಬ್ಬಾರ ನೆಗೆಟಿವ್ ನೋಡಿ ಆ ಹಿರಿಯರು ಹೇಳಿದ್ದೂ ಇದನ್ನೇ ಅಲ್ಲವೇ! ಅಲ್ಲಿ ಕತ್ತಲಲ್ಲಿ ಮುಖ ಹೋಯಿತು, ಇಲ್ಲಿ ಬೆಳಕಿನಲ್ಲಿ.

ಮನೆಯಲ್ಲಿ ರಿಶ್ತಾದ ಫೋಟೊ ತೆಗೆಸುವವರಿದ್ದರೆ ಮೂರು ಬಗೆಯಲ್ಲಿ ತೆಗೆಯಲು ಹೇಳಿ. ಆಮೇಲೆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಮುಖದ ಜೊತೆ ಹೋಲಿಸಿ ಆರಿಸಿ. ಇನ್ನೊಂದು ಮಾತು. ಮೂರು ತೆಗೆದಾಗ ಚಿತ್ರಗಳೂ ಮೂರು ಪಟ್ಟಾಗುತ್ತವೆ. ಬೇಡದ್ದನ್ನು ಅಳಿಸಿದ ಮೇಲೂ ಮೆಮೊರಿ ಕಾರ್ಡಿನಿಂದ ಅವನ್ನು ಮತ್ತೆ ಹೊರತೆಗೆಯಲು ಬರುತ್ತದೆ. ಹೆಣ್ಣುಮಕ್ಕಳ ಮದುವೆ ಫೋಟೊಗಳ ವಿಷಯದಲ್ಲಿ ಸಾಧ್ಯವಾದರೆ ಕಾರ್ಡ್ ನಿಮ್ಮದನ್ನೇ ಕೊಟ್ಟು, ನೀವೇ ಹಿಂದಕ್ಕೆ ಪಡೆಯಿರಿ.

ಫೋಟೊ ಜಾಯಿಝೇ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಆಗಲೇ ಬಂದಿರಬಹುದು. ಉಲಮಾಗಳ ನಡುವೆ ಇದರಲ್ಲಿ ಭಿನ್ನಾಭಿಪ್ರಾಯವಿದೆ, ನಿಮ್ಮ ಮನೆಯಲ್ಲಿ ಯಾರನ್ನು ಅನುಸರಿಸುತ್ತೀರೋ ಅವರನ್ನೇ ಕೇಳಿಕೊಳ್ಳಿ. ಈಜಿಪ್ಟಿನ ಮುಫ್ತಿಯಾಗಿದ್ದ ಶೇಖ್ ಮುಹಮ್ಮದ್ ಬಖೀತ್ ಅಲ್ ಮುತೀಈ (1935ರಲ್ಲಿ ನಿಧನ) ಫೋಟೊ ಎಂದರೆ ಕೈಯಿಂದ ಸೃಷ್ಟಿಸುವುದಲ್ಲ, ಇರುವ ನೆರಳನ್ನು ಹಿಡಿದಿಡುವುದು ಎಂಬ ನಿಲುವಿನಲ್ಲಿ ಅದಕ್ಕೆ ಅನುಮತಿ ಕೊಟ್ಟು ಒಂದು ಕಿರುಪುಸ್ತಕವನ್ನೇ ಬರೆದರು. ಉರ್ದುವಿನಲ್ಲಿ ಫೋಟೊಗ್ರಫಿಗೆ ಅಕ್ಕಾಸಿ ಎನ್ನುತ್ತೇವಲ್ಲ, ಅದೂ 'ಅಕ್ಸ್' ಅಂದರೆ ಪ್ರತಿಬಿಂಬ ಎಂಬ ಪದದಿಂದಲೇ ಬಂದದ್ದು.

ಈ ವಿದ್ಯೆಯ ಬೇರು ನಮ್ಮವರಲ್ಲೂ ಇದೆ. ಕ್ರಿ.ಶ. 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈತಮ್ ಬೆಳಕು ಮತ್ತು ದೃಷ್ಟಿಯ ಬಗ್ಗೆ 'ಕಿತಾಬುಲ್ ಮನಾಝಿರ್' ಬರೆದರು. ಕತ್ತಲೆ ಕೋಣೆಯ ಕಿಂಡಿಯಿಂದ ಬೆಳಕು ಹಾಯಿಸಿ ಪರೀಕ್ಷೆಗಳನ್ನು ಮಾಡಿದರು. ಸೂರ್ಯಗ್ರಹಣದ ಹೊತ್ತಿಗೆ ಸಣ್ಣ ಕಿಂಡಿಯಿಂದ ಬಿದ್ದ ಬೆಳಕು ಏಕೆ ಕುಡುಗೋಲಿನ ಆಕಾರದಲ್ಲಿರುತ್ತದೆ, ಕಿಂಡಿ ದೊಡ್ಡದಾದರೆ ಆ ಆಕಾರ ಏಕೆ ಕೆಡುತ್ತದೆ ಎಂದೂ ಪ್ರತ್ಯೇಕವಾಗಿ ಬರೆದರು. ಬಲವಾದ ಬೆಳಕು ದುರ್ಬಲ ಬೆಳಕನ್ನು ಹೇಗೆ ಮರೆಮಾಡುತ್ತದೆ, ಇರುಳಿನಲ್ಲಿ ಕಾಣುವ ನಕ್ಷತ್ರ ಹಗಲಿನಲ್ಲಿ ಏಕೆ ಕಾಣದು ಎಂಬ ಚರ್ಚೆಯೂ ಅವರಲ್ಲಿದೆ. ಮದ್ರಸದಲ್ಲಿ ಅವರ ಹೆಸರನ್ನು ಬಾಯಿಪಾಠ ಮಾಡಿದ್ದೆ. ಹಗಲಿನ ನಕ್ಷತ್ರ ನಮ್ಮ ತಿಲಕನಗರದ ಮನೆಯ ಬಾಗಿಲಲ್ಲೇ ಕುಳಿತಿತ್ತೆಂದು ಆಗ ಹೊಳೆದಿರಲಿಲ್ಲ.

ನಿಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಮೊಬೈಲ್ ಮಾತ್ರ ಎಂದು ನನಗೆ ಗೊತ್ತು. ಅದೂ ಸಾಕು. 2010ರಲ್ಲಿ ಐಫೋನಿಗೆ ಎಚ್‌ಡಿಆರ್ ಬಂತು. ಈಗ ಸಾಧಾರಣ ಮೊಬೈಲುಗಳು ಕೂಡ ಒಂದು ಸಲ ಒತ್ತಿದರೆ ಒಳಗೊಳಗೇ ಹಲವು ಚಿತ್ರ ತೆಗೆದು ಬೆಸೆದು ಕೊಡುತ್ತವೆ. ಆದರೂ ಅವು ತಪ್ಪುತ್ತವೆ. ತಪ್ಪಿದಾಗ ಪರದೆಯ ಮೇಲೆ ಮುಖವಿರುವಲ್ಲಿ ಬೆರಳಿನಿಂದ ಮುಟ್ಟಿ. ಹೆಚ್ಚಿನ ಮೊಬೈಲುಗಳಲ್ಲಿ ಪಕ್ಕದಲ್ಲೇ ಸಣ್ಣ ಸೂರ್ಯನ ಗುರುತು ಬರುತ್ತದೆ. ಹಾಗೇ ಒಂದು ತೆಗೆದು, ಸೂರ್ಯನನ್ನು ಕೆಳಗೆ ಎಳೆದು ಒಂದು, ಮೇಲೆ ತಳ್ಳಿ ಒಂದು ತೆಗೆಯಿರಿ. ಇದಕ್ಕಿಂತ ಸುಲಭದ್ದು ಇನ್ನೊಂದಿದೆ: ಸಾಧ್ಯವಿದ್ದರೆ ಕುಳಿತವರ ಮುಖವನ್ನೇ ಬೆಳಕಿನ ಕಡೆ ತಿರುಗಿಸುವುದು.

ನಮ್ಮ ಅಮ್ಮಿಯ ಬಳಿ ಅದು ಸಾಧ್ಯವಾಗಲಿಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೂ ಎದುರಿನ ಬೆಳಕು ಅವರಿಗೆ ಆಗುವುದಿಲ್ಲ. ಬಿಟಿಎಂ ಲೇಔಟಿನ ನಮ್ಮ ಈಗಿನ ಮನೆಯಲ್ಲಿ ಬಾಲ್ಕನಿಯ ಬಾಗಿಲಿಗೆ ಬೆನ್ನು ಮಾಡಿಯೇ ಕೂರುತ್ತಾರೆ. ಈ ಸಲದ ಈದ್ ದಿನ ಕಪ್ಪು ಬುರ್ಖಾದಲ್ಲಿ, ಕೈಯಲ್ಲಿ ತಸ್ಬೀಹ್ ಹಿಡಿದು, ಸರಿಯಾಗಿ ಅಬ್ಬಾ ಕುಳಿತ ಹಾಗೆಯೇ ಕುಳಿತಿದ್ದರು. ಮೊಮ್ಮಗಳು ಎಷ್ಟು ಹೇಳಿದರೂ ಕುರ್ಚಿ ತಿರುಗಿಸಲು ಒಪ್ಪಲಿಲ್ಲ. ಅವಳು ಗೋಡೆಗೆ ಮೊಣಕೈ ಊರಿ, "ನಾನಿ, ಮೂರು ಸಲ ಟಕ್ ಅನ್ನುತ್ತೆ, ಅಲ್ಲಿವರೆಗೆ ತಸ್ಬೀಹ್ ನಿಲ್ಲಿಸಿ" ಎಂದಳು. ಮೂರು ಸಲ ಟಕ್ ಎಂದಿತು.

ಕ್ಯಾಮೆರಾದ ಪರದೆಯಲ್ಲಿ ಒಂದೊಂದನ್ನೇ ಅಮ್ಮಿಗೆ ತೋರಿಸಿದಳು. ಮೊದಲನೆಯದರಲ್ಲಿ ಮುಖ ಮಂಕಾಗಿತ್ತು. ಮೂರನೆಯದರಲ್ಲಿ ಬಾಲ್ಕನಿಯೆಲ್ಲ ಬಿಳಿಯಾಗಿ ಕರಗಿಹೋಗಿದ್ದರೂ ಅಮ್ಮಿಯ ಮುಖ ಸುಕ್ಕುಸುಕ್ಕೂ ಬಿಡದೆ ಬಂದಿತ್ತು. ಎಲ್ಲರೂ ಅದೇ ಇರಲಿ ಎಂದೆವು. ಅಮ್ಮಿ ಮಾತ್ರ ಎರಡನೆಯದನ್ನು ಮತ್ತೆ ತರಿಸಿಕೊಂಡರು. ಅದರಲ್ಲಿ ಎದುರಿನ ಮರ, ವಿದ್ಯುತ್ ತಂತಿ, ಆಕಾಶ ಎಲ್ಲ ಸ್ಪಷ್ಟವಾಗಿತ್ತು; ಕುರ್ಚಿಯ ಮೇಲೆ ಒಂದು ಕಪ್ಪು ಆಕೃತಿ. ಅಳಿಸಲು ಹೊರಟಿದ್ದ ಮೊಮ್ಮಗಳ ಕೈಯನ್ನು ಹಿಡಿದು, "ಇದನ್ನು ತೆಗೀಬೇಡ ಬೇಟಾ" ಎಂದರು. "ನಿನ್ನ ನಾನಾ ಹೀಗೇ ಇದ್ದಾರೆ. ಅವರ ಪಕ್ಕ ಇದೇ ಇರಲಿ."

ಅವಳು ಎರಡನ್ನೂ ಪ್ರಿಂಟ್ ಹಾಕಿಸಿ ತಂದಳು. ಬೆಳಕಿನದ್ದು ಅಕ್ಕನ ಮನೆಯ ಗೋಡೆಯಲ್ಲಿದೆ. ಕತ್ತಲೆಯದ್ದನ್ನು ಅಮ್ಮಿ ಅಬ್ಬಾರ ಫೋಟೊದ ಜೊತೆಗೆ ಅದೇ ಹಳೆಯ ಕವರಿನಲ್ಲಿ ಹಾಕಿ ಇಟ್ಟುಕೊಂಡಿದ್ದಾರೆ.